ಪಾಸು ಲಾಭವೇ?

ಆ ಪುಟ್ಟ ಸ್ಟೇಷನ್ನಿನ ಟಿಕೆಟ್ ಗುಮಾಸ್ತನೊಡನೆ ಚಿಲ್ಲರೆಯ ವಿಷಯ ಬಿಟ್ಟು ಬೇರೆ ಮಾತು ಯಾರಾದರೂ ಆಡಿ ಸಾವಿರ ವರ್ಷವಾಗಿತ್ತು. ಆಗ ಬಂದಳು, ರಜೆಗೆಂದು ಒಂಟಿಯಾಗಿ ಬಂದಿಳಿದಿದ್ದ ಹೆಂಗಸು.

“ಏಳು ದಿನ ಸುತ್ತಾಡ್ಬೇಕು. ವಾರದ ಪಾಸ್ ಲಾಭಾನಾ ಸಾರ್?”

ಪಾಸು ಕೊಟ್ಟರೆ ಇವಳು ಮತ್ತೆ ಕಿಟಕಿಯತ್ತ ಸುಳಿಯುವುದಿಲ್ಲ.

“ಶುದ್ಧ ದಂಡ ಮೇಡಂ! ಪಾಸ್ ತಗೊಂಡು ಮನೆ ಮಾರ್ಕೊಂಡೋರನ್ನ ಕಣ್ಣಾರೆ ಕಂಡಿದೀನಿ. ದಿನಾ ಬಂದು ಟಿಕೆಟ್ ತಗೊಳ್ಳಿ.”

ದಿನವೂ ಬಂದಳು. ಒಂದು ಟಿಕೆಟಿಗೆ ಒಂದು ಗಂಟೆ ಹರಟೆ. ಏಳನೆಯ ದಿನ ಅವನಿಗೆ ತಡೆಯಲಾಗಲಿಲ್ಲ.

“ಸುಳ್ಳು ಹೇಳ್ಬಿಟ್ಟೆ ಮೇಡಂ. ಪಾಸೇ ಲಾಭ ಇತ್ತು. ನೀವು ದಿನಾ ಬರ್ಲಿ ಅಂತ...”

ಅವಳು ಪರ್ಸಿನಿಂದ ವಾರದ ಪಾಸೊಂದನ್ನು ತೆಗೆದು ಕಿಟಕಿಯಲ್ಲಿಟ್ಟಳು. ಅದರ ಮೇಲಿದ್ದದ್ದು ಬೇರೊಂದು ಸ್ಟೇಷನ್ನಿನ ಮುದ್ರೆ, ಅವಳು ಮೊದಲ ಸಲ ಈ ಕಿಟಕಿಗೆ ಬಂದ ದಿನದ ಹಿಂದಿನ ದಿನದ ತಾರೀಕು.