ಬಾಯಿ ಬಿಟ್ಟು ಹೇಳದಿದ್ದರೆ

ಮನುಕುಲದ ಗಹನವಾದ ಪ್ರಶ್ನೆಗಳಲ್ಲೊಂದು ಅಂದು ಬೆಳಿಗ್ಗೆ ಹತ್ತೂವರೆಗೆ ಮೂರನೆಯ ಮಹಡಿಯ ಕೋಣೆಯಲ್ಲಿ ಇತ್ಯರ್ಥವಾಗುವುದಿತ್ತು. ಸಂಖ್ಯೆಯಾಗಲಿ, ಹೆಸರಾಗಲಿ, ತಾರೀಖಾಗಲಿ, ಯಾವ ಬಗೆಯ ಸರಕು ಕೊಟ್ಟರೂ ಸಾಲಾಗಿ ಜೋಡಿಸಿಕೊಡುವ ಒಂದು ಕಂಪ್ಯೂಟರ್ ಫಂಕ್ಷನ್. ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಕೇಳಿದವರು ಹೇಳದೆ ಹೋದರೆ, ಅದು ತಾನೇ ಬಗೆ ನೋಡಿ ಒಂದು ಕ್ರಮ ಹಿಡಿಯಬಹುದೆ, ಕೂಡದೆ?

ಹಿಡಿಯಬಹುದು ಎಂದು ವರ್ಷದಿಂದ ಪ್ರಸ್ತಾಪ ಬರೆದು ತಿದ್ದುತ್ತಿದ್ದವಳು ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟುವ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು. ಕೂಡದು ಎಂದು ಎರಡು ಸಲ ತಳ್ಳಿಹಾಕಿದ್ದವರು ಮುಖ್ಯಸ್ಥರು. ಎರಡು ಸಲವೂ ಅಂಚಿನಲ್ಲಿ ಬರೆದದ್ದು ಒಂದೇ ಷರಾ: 'ಬಾಯಿ ಬಿಟ್ಟು ಹೇಳಲಿ.' ತಂಡ ಬೆನ್ನ ಹಿಂದೆ ಅವರನ್ನು ಬಾಯ್ಬಿಡಪ್ಪ ಎನ್ನುತ್ತಿತ್ತು. ಮೂರನೆಯ ಸಲವೂ ಬಿದ್ದರೆ ಪ್ರಸ್ತಾಪ ಕಸದ ಬುಟ್ಟಿಗೆ, ಜೊತೆಗೆ ಅವಳ ಒಂದು ವರ್ಷವೂ.

"ಬರೋ ಸರಕು ಯಾವುದು ಅಂತಲೇ ಗೊತ್ತಿಲ್ಲ. ಹೇಳದೆ ಹೋದ್ರೆ ತಾನಾಗೇ ಹಿಡಿಯೋ ಡಿಫಾಲ್ಟ್ ಅಂತ ಅದಕ್ಕೆ ಏನಮ್ಮಾ ಇಡ್ತೀಯ?" ಎಂದರು ಮುಖ್ಯಸ್ಥರು.

"ಕೈಗೆ ಬಂದಾಗ ಗೊತ್ತಾಗತ್ತಲ್ಲ ಸಾರ್. ಸಂಖ್ಯೆ ಬಂದ್ರೆ ಚಿಕ್ಕದು ಮೊದಲು. ಹೆಸರಾದ್ರೆ ಅಕ್ಷರದ ಪ್ರಕಾರ. ಬೇರೆ ಬೇಕು ಅಂದೋರಿಗೆ ಬೇರೆ."

"ಸುಮ್ಮನಿರೋರ ಮನಸ್ಸು ಹೊಕ್ಕು ನೋಡೋಕಾಗತ್ತಾ? ಬಾಯಿ ಬಿಟ್ಟು..."

ಅಷ್ಟರಲ್ಲಿ ಚಹಾದ ಅಕ್ಕ ಟ್ರೇ ಹಿಡಿದು ಒಳಬಂದಳು. ಏನೂ ಕೇಳಲಿಲ್ಲ. ಕಿರಿಯಳ ಮುಂದೆ ಹಾಲು ಹೆಚ್ಚಿನ ಲೋಟ, ಮುಖ್ಯಸ್ಥರ ಮುಂದೆ ಸಕ್ಕರೆ ಇಲ್ಲದ ಲೋಟ ಇಟ್ಟಳು.

ಕಿರಿಯಳ ಕಣ್ಣು ಅರಳಿತು. "ಅಕ್ಕಾ, ಸಾರ್ ಸಕ್ಕರೆ ಬೇಡ ಅಂತ ಯಾವಾಗ ಹೇಳಿದ್ರು?"

"ಎಲ್ಲಿ ಹೇಳಿದ್ರು? ಒಂಬತ್ತು ವರ್ಷದಿಂದ ನನ್ನ ಹತ್ರ ಒಂದು ಮಾತಿಲ್ಲ. ಮೊದಲನೇ ದಿನ ಮುಖ ನೋಡಿದೆ, ಇದು ಸಕ್ಕರೆ ಬೇಡದ ಪೈಕಿ ಅನ್ನಿಸ್ತು. ಹೇಳದೆ ಇದ್ದೋರಿಗೆ ಮುಖ ನೋಡಿ ಕೊಡ್ತೀನಿ. ಹೇಳಿದ್ರೆ ಹೇಳಿದ್ದು ಕೊಡ್ತೀನಿ. ಅದಕ್ಕೇನೀಗ?"

ಕಿರಿಯಳು ನಗು ಮುಚ್ಚಲು ಲೋಟ ಅಡ್ಡ ಹಿಡಿದಳು. ಮುಖ್ಯಸ್ಥರು ಒಂಬತ್ತು ವರ್ಷ ಕುಡಿದ ಲೋಟವನ್ನು ಈಗ ತಾನೇ ಪರಿಚಯವಾದದ್ದರಂತೆ ನೋಡಿದರು.

"ಸಕ್ಕರೆ ಹಾಕಿದ್ದೂ ಇರತ್ತಾ?"

"ಎಷ್ಟು ಚಮಚ ಬೇಕು?"

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. "ಎರಡು."

"ಅಂತೂ ಬಾಯಿ ಬಿಟ್ರಲ್ಲಪ್ಪಾ!" ಎಂದಳು ಅಕ್ಕ, ಏನೂ ಅರಿಯದೆ.

ಕಿರಿಯಳ ಚಹಾ ಮೂಗಿನಿಂದ ಬಂತು. ಮುಖ್ಯಸ್ಥರು ಅವಳನ್ನು ದುರುಗುಟ್ಟಿ ನೋಡಿದರು, ಮೀಸೆ ನಡುಗಿತು, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆನ್ನ ಹಿಂದಿನ ಆ ಹೆಸರು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಪ್ರಸ್ತಾಪ ಹನ್ನೊಂದು ಗಂಟೆಗೆ ಅಂಗೀಕಾರವಾಯಿತು. ಅಂಚಿನ ಷರಾ ಈ ಸಲ: 'ಹೇಳದಿದ್ದರೆ ಮುಖ ನೋಡಿ, ಹೇಳಿದರೆ ಹೇಳಿದ್ದು.' ಮುಖ್ಯಸ್ಥರ ಡಿಫಾಲ್ಟ್ ಈಗ ಎರಡು ಚಮಚ.