ಹೆಸರಿಲ್ಲದ ಪಾಠ

ಗಂಗಾವತಿ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ದಾಕ್ಷಾಯಿಣಿ ಟೀಚರ್ ವಿಜ್ಞಾನ ಕಲಿಸುತ್ತಿದ್ದರು.

ಅವರ ಕ್ಲಾಸಿನಲ್ಲಿ ಶಾಹೀನಾ ಎಂಬ ಹುಡುಗಿ... ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಬೋರ್ಡಿನ ಮೇಲಿನ ಚಿತ್ರವನ್ನು ಅವಳಿಗೆ ತಿಳಿಸುವುದು ಹೇಗೆ? ಟೀಚರ್ ತಾವೇ ಪಾಠ ಬರೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು.

"ಮುಷ್ಟಿ ಬಿಗಿ ಹಿಡಿ... ನಿನ್ನ ಹೃದಯ ಇಷ್ಟ ದೊಡ್ಡದೈತಿ ನೋಡು..."

ಬೇರೆ ಮಕ್ಕಳಿಗೂ ಸಿಗಲಿ ಎಂದು ಇಂಟರ್‌ನೆಟ್ಟಿಗೂ ಹಾಕಿದರು. ತಮ್ಮ ಹೆಸರು ಹಾಕಿಕೊಳ್ಳಲು ಮಾತ್ರ ಸಂಕೋಚ!

ವರ್ಷಗಳು ಉರುಳಿದವು...

ಕೊಪ್ಪಳದಲ್ಲಿ ಶಿಕ್ಷಕರ ಕಾರ್ಯಾಗಾರ. ಕಲಿಕಾ ಆ್ಯಪ್ ಕಂಪನಿಯೊಂದರ ಮ್ಯಾನೇಜರ್ ವೇದಿಕೆ ಏರಿದ.

"ಇದು ನಾವೇ ತಯಾರಿಸಿದ ಪಾಠ. ಚಂದಾ ಕಟ್ಟಿದವರಿಗೆ ಮಾತ್ರ."

ಸ್ಪೀಕರಿನಿಂದ ದನಿ ಬಂತು... "ಮುಷ್ಟಿ ಬಿಗಿ ಹಿಡಿ..."

ಸಭೆಯಲ್ಲಿ ಕುಳಿತಿದ್ದ ದಾಕ್ಷಾಯಿಣಿ ಟೀಚರ್‌ಗೆ ಅದು ತಮ್ಮದೇ ದನಿ ಎಂದು ತಿಳಿಯಿತು. ತಟ್ಟನೆ ಎದ್ದರು.

"ಸರ್... ಅದು ನಾ ಮಾಡಿದ ಪಾಠರೀ."

ಮ್ಯಾನೇಜರ್ ನಕ್ಕ. "ಒಂದೇ ಥರದ ದನಿ ಎಷ್ಟೋ ಜನಕ್ಕೆ ಇರುತ್ತೆ ಮೇಡಂ. ಇದರಲ್ಲಿ ನಿಮ್ಮ ಹೆಸರಿದೆಯಾ?"

ಟೀಚರ್ ತಲೆ ತಗ್ಗಿಸಿದರು. ಹೆಸರು ಎಲ್ಲಿತ್ತು?

ಆಗ ಹಿಂದಿನ ಸಾಲಿನಲ್ಲಿ ಬಿಳಿ ಕೋಲು ಹಿಡಿದ ಯುವತಿಯೊಬ್ಬಳು ಎದ್ದು ನಿಂತಳು.

ಶಾಹೀನಾ... ಈಗ ಅವಳೂ ಟೀಚರ್!

"ಸರ್, ನಾ ಶಾಹೀನಾ, ಈ ಟೀಚರ್ ಕಡೆ ಕಲ್ತಾಕಿ. ಪಾಠದಾಗ ಟೀಚರ್ ಹೆಸರಿಲ್ಲ, ಖರೆ. ಆದ್ರ ನನ್ನ ಹೆಸರೈತಿ. ಪಾಠ ಪೂರ್ತಿ ಕೇಳಸ್ರಿ."

ಕೇಳಿಸಿ ಎಂದು ಸಭೆ ಪಟ್ಟು ಹಿಡಿಯಿತು. ಮ್ಯಾನೇಜರ್ ಕೇಳಿಸಲೇಬೇಕಾಯಿತು.

ಕೊನೆಗೆ ಅದೇ ದನಿ ಮೆಲ್ಲಗೆ ಕೇಳಿತು... "ತಿಳೀತೇನವಾ, ಶಾಹೀನಾ?"



"ತಿಳೀತ್ರಿ ಟೀಚರ್..." ಎಂದಳು ಶಾಹೀನಾ.

ದಾಕ್ಷಾಯಿಣಿ ಟೀಚರ್ ಓಡಿಹೋಗಿ ಅವಳನ್ನು ತಬ್ಬಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ...

ಮ್ಯಾನೇಜರ್ ಕೆಳಗಿಳಿದು ಬಂದ. "ತಪ್ಪಾಯ್ತು ಮೇಡಂ. ಹಕ್ಕು ನಮಗೇ ಮಾರಿಬಿಡಿ. ನೀವು ಕೇಳಿದಷ್ಟು ಕೊಡ್ತೀವಿ."

ಟೀಚರ್ ತಲೆ ಎತ್ತಿ ನಿಂತರು.

"ಮಾರಾಕ ಮಾಡಿದ್ದಲ್ಲ ತಮ್ಮಾ. ಯಾರರ ಕೇಳ್ಲಿ, ಯಾರರ ಹಂಚ್ಲಿ. ಆದ್ರ ಮಾಡಿದವರ ಹೆಸರು ಅಳಸಬಾರದು, ಅದರ ಮ್ಯಾಲ ವ್ಯಾಪಾರ ಮಾಡಬಾರದು."

ಕಂಪನಿ ಆ ಪಾಠವನ್ನು ಆ್ಯಪ್‌ನಿಂದ ತೆಗೆಯಿತು.

ಟೀಚರ್ ಅದೇ ಷರತ್ತು ಬರೆದು ಪಾಠವನ್ನು ಮತ್ತೆ ಇಂಟರ್‌ನೆಟ್ಟಿಗೆ ಹಾಕಿದರು. ಈ ಸಲ ಸಂಕೋಚಪಡಲಿಲ್ಲ...

"ಪಾಠ: ದಾಕ್ಷಾಯಿಣಿ. ಮೊದಲು ಕೇಳಿದವಳು: ಶಾಹೀನಾ."

*

ಉಚಿತವಾಗಿ ಕೊಟ್ಟದ್ದು ವಾರಸುದಾರರಿಲ್ಲದ್ದಲ್ಲ.

ನೀವು ಇವತ್ತು ಫಾರ್ವರ್ಡ್ ಮಾಡಿದ ಪಾಠ ಯಾರದು... ಅವರ ಹೆಸರು ಅದರಲ್ಲಿ ಉಳಿದಿದೆಯೇ?