ಕಂಬದ ತಲೆ ಯಾವ ಕಡೆ

"ಕಂಬದ ತಲೆ ಹೊರಗೇ ಬಾಗಿರಬೇಕು ಮೇಷ್ಟ್ರೇ. ಒಳಗೆ ಬಾಗಿದ್ರೆ ಕಳ್ಳನಿಗೆ ನಾವೇ ಏಣಿ ಹಾಕಿಕೊಟ್ಟ ಹಾಗೆ," ಎಂದ ಬೇಲಿಯವನು, ಮುಳ್ಳುತಂತಿಯ ಸುರುಳಿ ಕೆಳಗಿಳಿಸುತ್ತ.

ಮೇಷ್ಟ್ರು ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದ ಅಕ್ಕನ ಕಡೆ ನೋಡಿದರು. ಈ ತಿಂಗಳಲ್ಲೇ ಎರಡು ಸಲ ಮನೆಯ ದಾರಿ ಮರೆತು ಅವಳು ಹೆದ್ದಾರಿಯಲ್ಲಿ ಸಿಕ್ಕಿದ್ದಳು. ಬೇಲಿ ಕಳ್ಳರಿಗೆ ಅಂತಲೇ ಅವಳಿಗೆ ಹೇಳಿದ್ದರು. "ಒಳಗೇ ಬಾಗಿರಲಿ," ಎಂದರು, ದನಿ ತಗ್ಗಿಸಿ.

"ನೋಡಿದವರು ನಗ್ತಾರೆ ಅಷ್ಟೇ."

ಅಕ್ಕ ಬುಟ್ಟಿ ಪಕ್ಕಕ್ಕಿಟ್ಟು ಎದ್ದು ಬಂದಳು. ಗುಂಡಿಯಲ್ಲಿ ಸಡಿಲವಾಗಿ ನಿಂತಿದ್ದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಬಾಗಿದ ತಲೆ ಮನೆಯ ಕಡೆ ಬರುವಂತೆ ತಿರುಗಿಸಿದಳು.

"ಇವನು ಹೇಳಿದ ಹಾಗೇ ಮಾಡಪ್ಪ. ಇನ್ನೊಂದಡಿ ಎತ್ತರ ಇರಲಿ. ಇವನನ್ನ ಬೆನ್ನಿಗೆ ಹಾಕಿಕೊಂಡೇ ಕಾಂಪೌಂಡ್ ಹಾರ್ತಿದ್ದವಳು ನಾನು."